ಕಕ್ಕಬ್ಬೆಯ ಬಚ್ಚಲುಮನೆ, ಫಿಟ್ಸ್ ಟೀಮು ಮತ್ತು ನಮ್ಮಜ್ಜಿ

ರಾಜಾಸೀಟು, ಅಬ್ಬಿ ಫಾಲ್ಸ್ ಬಗ್ಗೆ ಓದೋಣ ಅಂತ ಬಂದಿದ್ರೆ ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಅದೇನೂ ಇಲ್ಲ. ಮೂರು ದಿನ ಕೊಡಗಲ್ಲಿದ್ದು ನಾನು ಸರಿಯಾಗಿ ನೋಡಿದ್ದು ಒಂದು ಬಚ್ಚಲುಮನೆ, ಒಂದು ಊಟದ ಟೇಬಲ್ಲು, ನೆಟ್‌ವರ್ಕ್ ಸಿಗೋ ಒಂದು ರಸ್ತೆ ತಿರುವು, ಅಷ್ಟೇ. ಉಳಿದಿದ್ದೆಲ್ಲ ಮಳೆ.

ನಮ್ಮಕ್ಕನ ಮಗಳು ಪುಟ್ಟಿ ಬೆಂಗಳೂರಿನ ಒಂದು ಯೂನಿವರ್ಸಿಟೀಲಿ ಮೂರ್ಛೆರೋಗದ ಮೇಲೆ ಪಿಎಚ್‌ಡಿ ಮಾಡ್ತಿದಾಳೆ. ಆಗಸ್ಟ್ ಮೊದಲ ವಾರ ಅವರ ಟೀಮು ಕಕ್ಕಬ್ಬೆಗೆ ಹೊರಟಿತ್ತು, ಟಿಟಿಲಿ, ಅಂದ್ರೆ ಟೆಂಪೋ ಟ್ರಾವೆಲರಲ್ಲಿ, ಒಂದು ಸೀಟು ಖಾಲಿ ಇತ್ತು, "ಮಾಮ, ಮೈಸೂರಲ್ಲಿ ಹತ್ಕೋ, ಸುಮ್ನೆ ಮನೇಲಿ ಕೂತು ಏನ್ಮಾಡ್ತೀಯ" ಅಂದ್ಲು. ರಿಟೈರ್ಡ್ ಮನುಷ್ಯ, ಹಿನಕಲ್ ಹತ್ರ ಕೊಡೆ ಹಿಡ್ಕೊಂಡು ನಿಂತಿದ್ದೆ. ಡಾಕ್ಟ್ರುಗಳ ಜೊತೆ ಬಾಯಿ ಮುಚ್ಕೊಂಡು ಕೂರಬೇಕಲ್ಲ ಅಂತ ಒಂದು ಅಳುಕು ಇತ್ತು. ಹುಣಸೂರು ಬರೋ ಹೊತ್ತಿಗೆ ಗೊತ್ತಾಯ್ತು, ಆ ಒಂಬತ್ತು ಜನರಲ್ಲಿ ಔಷಧಿ ಬರೆಯೋ ಡಾಕ್ಟ್ರು ಇಬ್ರೇ.

ಗೋಣಿಕೊಪ್ಪ, ವಿರಾಜಪೇಟೆ ದಾಟೋವರೆಗೂ ಎಲ್ಲಾ ಚೆನ್ನಾಗಿತ್ತು. ಆಮೇಲೆ ಮೊಬೈಲ್ ಮ್ಯಾಪು ನಂಬ್ಕೊಂಡು ಡ್ರೈವರ್ರು ಒಂದು ಎಸ್ಟೇಟ್ ರೋಡಿಗೆ ಇಳಿಸಿದ, ತಿರುವಲ್ಲಿ ಟಿಟಿ ಸಿಕ್ಕಾಕ್ಕೊಳ್ತು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಬುಕ್ ಮಾಡೋವಾಗ "ದೊಡ್ಡ ಗಾಡಿ ಬರುತ್ತೆ" ಅಂತ ಹೇಳಿದ್ರಂತೆ, ಯಾವ ದೊಡ್ಡ ಗಾಡಿ ಅಂತ ಕೇಳ್ಬೇಕಿತ್ತು. ಬ್ಯಾಗ್ ಹೊತ್ಕೊಂಡು ಒಂದೂವರೆ ಕಿಲೋಮೀಟರ್ ಕೆಸರಲ್ಲಿ ನಡೆದ್ವಿ, ನನ್ನ ಕಾಲಿಗೆ ಏಳು ಇಂಬಳ, ಎಣಿಸಿದೀನಿ. ಮಳೆಗಾಲದಲ್ಲಿ ಆ ಕಡೆ ಹೋಗೋರು ಟಿಟಿನ ಮೇನ್ ರೋಡಲ್ಲೇ ಬಿಟ್ಟು ಮನೆಯೋರ ಜೀಪ್ ಕರೆಸ್ಕೊಳ್ಳಿ, ಉಪ್ಪಿನ ಪೊಟ್ಟಣ ಜೇಬಲ್ಲಿರಲಿ, ಬ್ಯಾಗಲ್ಲಿ ಅಲ್ಲ. "24 ಗಂಟೆ ಬಿಸಿನೀರು" ಅಂತ ಹಾಕಿರ್ತಾರಲ್ಲ, ಕರೆಂಟ್ ಹೋದ್ರೆ ಏನು ಗತಿ ಅಂತಲೂ ಕೇಳಿ. ನಾವು ಹೋದಾಗ ಕರೆಂಟ್ ಹೋಗಿ ಎರಡು ದಿನ ಆಗಿತ್ತು.

ಕರೆಂಟ್ ಹೋಗಿದ್ದೇ ಒಳ್ಳೇದಾಯ್ತು. ಗೀಸರ್ ಇಲ್ಲ ಅಂತ ಮನೆಯೋರು ಹಿಂದಿನ ಹಳೇ ಬಚ್ಚಲುಮನೇಲಿ ತಾಮ್ರದ ಹಂಡೆಗೆ ಉರಿ ಹಾಕಿದ್ರು. ಕಾಫಿ ಗಿಡದ ಸೌದೆ, ಹೊಗೆ, ಆ ಚಳೀಲಿ ಬಿಸಿನೀರು, ಸ್ವರ್ಗ. ನಾನು ಹೊಯ್ಕೊಂಡು ಹೊರಗೆ ಬಂದ್ರೆ ಟೀಮಿನ ಇಇಜಿ (ಮೆದುಳಿನ ವಿದ್ಯುತ್ ಗೆರೆ ತೆಗೆಯೋ ಪರೀಕ್ಷೆ) ಟೆಕ್ನಿಷಿಯನ್ನು, ನಲವತ್ತು ದಾಟಿದ ಮನುಷ್ಯ, ಹೊರಗಡೆ ಡ್ರಮ್ಮಿಂದ ತಣ್ಣೀರು ತಗೊಂಡು ತಲೆಗೆ ಸುರ್ಕೊಂತಿದ್ದ. ಹಲ್ಲು ಕಟಕಟ ಅಂತಿದೆ.

"ಏನ್ರೀ, ಹರಕೆನಾ?" ಅಂದೆ.

"ಮೈಗೆ ಬಿಸಿನೀರೇಯ ಸಾ. ತಲೆಗೆ ಮಾತ್ರ ಹುಯ್ಕಳಕಿಲ್ಲ. ನಂಗೆ ಬಿಸಿನೀರಲ್ಲಿ ಫಿಟ್ಸ್ ಬತ್ತಿತ್ತು."

ತಮಾಷೆ ಅನ್ಕೊಂಡೆ. ಅವನು ತಲೆ ಒರೆಸ್ಕೊಂಡು ಒಲೆ ಮುಂದೆ ಕೂತ, ನಾನೂ ಕೂತೆ, ಅಲ್ಲಿಂದ ಏಳೋವಾಗ ಹೆಚ್ಚುಕಮ್ಮಿ ಒಂದೂವರೆ ಗಂಟೆ ಆಗಿತ್ತು.

ಯಳಂದೂರು ಕಡೆಯೋನು. ಒಂಬತ್ತು ವರ್ಷದಲ್ಲಿ ಶುರುವಾಯ್ತಂತೆ. ಶನಿವಾರ ಅವ್ವ ಎಣ್ಣೆ ಹಚ್ಚಿ ಸುಡುಸುಡು ನೀರು ಒಂದರ ಹಿಂದೆ ಒಂದು ಚೊಂಬು ತಲೆಗೆ ಹುಯ್ತಿದ್ರೆ ನಾಕೈದು ಚೊಂಬಿಗೆ ಕಣ್ಣು ಮೇಲಕ್ಕೆ ಹೋಗೋದು, ಮಾತು ತೊದಲೋದು, ಆಮೇಲೆ ಏನಾಯ್ತು ಅಂತ ನೆನಪಿಲ್ಲ. "ಬೇಜಾರು ಏನ್ ಗೊತ್ತಾ ಸಾ, ಅದು ಸುರುವಾಗೋ ಮುಂಚೆ ಒಂಥರಾ ಹಿತ. ಇನ್ನೊಂದು ಚೊಂಬು ಹುಯ್ಯವ್ವ, ಇನ್ನೊಂದು ಹುಯ್ಯವ್ವ ಅಂತಿದ್ದೆ." ಅದೂ ಪುಸ್ತಕದಲ್ಲಿದೆಯಂತೆ, ಕೆಲವರು ಆ ಸುಖಕ್ಕೇ ನಿಲ್ಲಿಸದೆ ಹುಯ್ಕೊಂತಾ ಹೋಗ್ತಾರೆ. ಮನೇಲಿ ಮಲರೋಗ (ಫಿಟ್ಸಿಗೆ ಹಳ್ಳಿ ಕಡೆ ಹೆಸರು) ಅಂದ್ರು, ತಾಯಿತ ಕಟ್ಟಿದ್ರು, ಶನಿ ಕಾಟ ಅಂದ್ರು. ಶನಿವಾರವೇ ಬರೋದಲ್ವಾ, ಅವರದ್ದೇನು ತಪ್ಪು!

ಈ ಬಿಸಿನೀರು ಫಿಟ್ಸನ್ನ ಮೊದಲು ಬರೆದಿಟ್ಟಿದ್ದು 1945ರಲ್ಲಿ, ನ್ಯೂಜಿಲೆಂಡಲ್ಲಿ. ಆದ್ರೆ ಪ್ರಪಂಚದಲ್ಲಿ ಜಾಸ್ತಿ ಕಂಡುಬಂದಿರೋದು ನಮ್ಮಲ್ಲೇ, ಹಳೇ ಮೈಸೂರು ಸೀಮೇಲಿ. ಡಾ. ಕೆ.ಎಸ್. ಮಣಿ ಅಂತ ಬೆಂಗಳೂರಿನ ದೊಡ್ಡ ನ್ಯೂರಾಲಜಿಸ್ಟು ಇದರ ಬಗ್ಗೆ ಬರೆದ್ರು, ಯಳಂದೂರು ತಾಲ್ಲೂಕಲ್ಲೇ ಮನೆಮನೆಗೆ ಜನ ಕಳಿಸಿ ಫಿಟ್ಸ್ ಇರೋರನ್ನ ಹುಡುಕಿಸಿದ್ರು, ಅದು 1998ರಲ್ಲಿ ಪ್ರಿಂಟಾಯ್ತು. ನಿಮ್ಹಾನ್ಸಿನ ಡಾ. ಸತೀಶ್ಚಂದ್ರ ಅವರೂ ನೂರಾರು ಬಿಸಿನೀರು ಕೇಸು ನೋಡಿದ್ರು. ಮದ್ದೂ ದೊಡ್ಡದೇನಲ್ಲ. ನೀರಿನ ಬಿಸಿ ಕಮ್ಮಿ ಮಾಡೋದು, ತಲೆಗೆ ಒಂದೇ ಸಮ ಹುಯ್ಯದೇ ಇರೋದು, ಕೆಲವರಿಗೆ ತಲೆಸ್ನಾನಕ್ಕೆ ಗಂಟೆ ಒಂದೂವರೆ ಗಂಟೆ ಮುಂಚೆ ಒಂದು ಕ್ಲೊಬಜಾಮ್ ಮಾತ್ರೆ, ಅದೂ ಡಾಕ್ಟ್ರು ಹೇಳಿದ್ರೆ ಮಾತ್ರ. ಇವನಿಗೂ ಯಾರೋ ಹಿಂಗೆ ಹೇಳಿದ್ರು, ನಿಂತೋಯ್ತು. ಪಿಯುಸಿ ಆದ್ಮೇಲೆ ಇಇಜಿ ಡಿಪ್ಲೊಮಾ ಸೇರಿದ, ಈಗ ಬೇರೆಯೋರ ತಲೆಗೆ ಇಪ್ಪತ್ತೊಂದು ಎಲೆಕ್ಟ್ರೋಡ್ ಅಂಟಿಸ್ತಾನೆ. ಅವನ ಜೀವನದ ದೊಡ್ಡ ಶತ್ರು ಹರಳೆಣ್ಣೆ. "ಎಣ್ಣೆ ಹಚ್ಕೊಂಡು ಬರಬ್ಯಾಡಿ ಅಂತ ಚೀಟೀಲಿ ಬರೆದ್ರೂ ಸುರ್ಕೊಂಡೇ ಬತ್ತಾರೆ ಸಾ, ಪೇಸ್ಟು ನಿಲ್ಲಕಿಲ್ಲ."

ಕೇಳ್ತಾ ಕೇಳ್ತಾ ನನಗೆ ನಮ್ಮ ದೊಡ್ಡಪ್ಪ ನೆನಪಾದ. ನಾನು ಹುಟ್ಟೋ ಮುಂಚೆ ಸತ್ತೋನು, ಹತ್ತೊಂಬತ್ತು ವರ್ಷಕ್ಕೆ. ಹೇಗೆ ಅಂತ ಕೇಳಿದ್ರೆ ಮನೇಲಿ "ಗಾಳಿ ಸೋಕಿ ಬಚ್ಚಲಲ್ಲಿ ಬಿದ್ದ" ಅನ್ನೋರು, ಅಷ್ಟೇ, ಮೇಲೆ ಮಾತಿಲ್ಲ. ಅವನಿಗೆ ಹೇಳ್ದೆ. ಸ್ವಲ್ಪ ಹೊತ್ತು ಉರಿ ಕೆದಕಿದ. "ಆಗಿರಬೋದು ಸಾ, ಆಗದೇನೂ ಇರಬೋದು. ನೋಡಿದೋರು ಹೇಳ್ಬೇಕು. ನಮ್ಮ ಮಿಷಿನ್ನಿಗಿಂತ ನೋಡಿದೋರ ಮಾತೇ ಮುಖ್ಯ ಇದರಲ್ಲಿ."

ರಾತ್ರಿ ಊಟ. ಕೊಡಗಿನ ಊಟದ ಬಗ್ಗೆ ನನ್ನದೊಂದು ಮಾತಿದೆ: ಪೇಟೆ ಹೋಟೆಲುಗಳಲ್ಲಿ ಪಂದಿ ಕರಿ ಅಂತ ಟೊಮೆಟೊ ಹಾಕಿ ಕೆಂಪಗೆ ಮಾಡಿ ಕೊಡೋದಕ್ಕೆ ದುಡ್ಡು ಕೊಡಬೇಡಿ. ಮಸಾಲೆ ಕಪ್ಪಗೆ ಹುರಿದು ಕಾಚಂಪುಳಿ ಅನ್ನೋ ಕಪ್ಪು ಹುಳಿ ಹಾಕಿ ಗಂಟೆಗಟ್ಟಲೆ ಬೇಯಿಸಿದ್ದು, ಪಕ್ಕದಲ್ಲಿ ಕಡಂಬುಟ್ಟು (ಅಕ್ಕಿ ಉಂಡೆ), ಅದು ಊಟ. ಮನೆ ಆಂಟಿ ಬೆಂಬಳೆ ಕರಿನೂ ಮಾಡಿದ್ರು, ಕಳಲೆ ನನಗೆ ಅಷ್ಟಕ್ಕಷ್ಟೇ.

ಟೀಮಿನ ಹೆಡ್ಡು ಪ್ರೊಫೆಸರ್ ಮೇಡಂ ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆಯೋರು, ಮೊಟ್ಟೆನೂ ಮುಟ್ಟಲ್ಲ, ಎಲ್ಲರೂ ಹಂದಿ ಕಡೀತಿದ್ರೆ ಅವರು ಅಕ್ಕಿರೊಟ್ಟಿ ತಿಂತಾ ಲಾಡಿಹುಳದ ಪಾಠ ಮಾಡಿದ್ರು! ಹಂದಿ ತಿಂದ್ರೆ ಮೆದುಳಿಗೆ ಹುಳ ಹೋಗುತ್ತೆ ಅಂತ ನಾನೇ ಬಾಯಿತಪ್ಪಿ ಅಂದಿದ್ದೆ. "ನೇರವಾಗಿ ಹಾಗಲ್ಲ" ಅಂದ್ರು. ಅರೆಬೆಂದ ಹಂದಿ ತಿಂದ್ರೆ ಹೊಟ್ಟೇಲಿ ಲಾಡಿಹುಳ ಆಗಬಹುದು. ಆದ್ರೆ ಮೆದುಳಲ್ಲಿ ಗುಳ್ಳೆ ಆಗಿ ಫಿಟ್ಸ್ ಬರೋದು ಆ ಹುಳದ ಮೊಟ್ಟೆ ಬಾಯಿಗೆ ಹೋದ್ರೆ, ಅಂದ್ರೆ ಹುಳ ಇರೋ ಮನುಷ್ಯನ ಮಲ ಸೋಕಿದ ನೀರು, ತೊಳೆಯದ ಸೊಪ್ಪು, ತೊಳೆಯದ ಕೈಯಿಂದ. "ನನ್ನ ಹಾಗೆ ಜನ್ಮದಲ್ಲಿ ಮಾಂಸ ಮುಟ್ಟದೋರಿಗೂ ಬರುತ್ತೆ. ಇಷ್ಟು ಬೆಂದ ಪಂದಿ ಕರಿಗಿಂತ ನನಗೆ ರಸ್ತೆ ಬದಿ ಹಸಿ ಕೊತ್ತಂಬರಿ ಸೊಪ್ಪಿನ ಭಯ ಜಾಸ್ತಿ." ಆಂಟಿ ಮುಖ ಅರಳಿತು, ಇನ್ನೊಂದು ಸೌಟು ಬಡಿಸಿದ್ರು. ನ್ಯೂರಾಲಜಿನೇ ಯಾಕೆ ತಗೊಂಡ್ರಿ ಮೇಡಂ ಅಂತ ಕೇಳ್ದೆ, ದೊಡ್ಡ ಕಥೆ ಬರುತ್ತೆ ಅನ್ಕೊಂಡು. "ಆ ಸೀಟು ಸಿಕ್ತು" ಅಂದ್ರು. ನನಗೆ ಅವರು ಇಷ್ಟ ಆಗಿದ್ದೇ ಅಲ್ಲಿ.

ಹುಬ್ಬಳ್ಳಿ ಕಡೆ ಹುಡುಗ ಒಬ್ಬ, ಇಂಜಿನಿಯರ್ರು, ಮೊದಲು ಮೊಬೈಲ್ ಕಂಪನೀಲಿ ಸಿಗ್ನಲ್ ಕೆಲಸ. ಈಗ ಇಇಜಿ ಗೆರೆಗಳಲ್ಲಿ ಸ್ಪೈಕ್, ಅಂದ್ರೆ ಫಿಟ್ಸಿನ ಸುಳಿವು ಕೊಡೋ ಚೂಪು ಏರಿಕೆ, ಹುಡುಕೋ ಪ್ರೋಗ್ರಾಂ ಬರೀತಾನೆ. ಅವನ ತಮ್ಮನಿಗೆ ಫಿಟ್ಸ್ ಇತ್ತಂತೆ. "ನಮ್ಮ ಕಾಕಾ ಕಿಸೆದಾಗ ಯಾವಾಗ್ಲೂ ಕೀಲಿ ಗೊಂಚಲ ಇಟ್ಕೊಂಡು ಓಡ್ಯಾಡ್ತಿದ್ರಿ. ಅವಗ ಬಂತಂದ್ರ ಕೈಯಾಗ ಕಬ್ಬಿಣ ಹಿಡಸೋದು. ನಿಲ್ತಿತ್ರಿ! ನಾನೂ ನಂಬಿದ್ದೆ." ನಿಲ್ಲೋದಕ್ಕೆ ಕಾರಣ, ಬಹಳಷ್ಟು ಫಿಟ್ಸು ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತೆ, ಅಷ್ಟೊತ್ತಿಗೆ ಯಾರೋ ಕೀಲಿ ಹುಡುಕಿ ತಂದಿರ್ತಾರೆ, ಹೆಸರು ಕೀಲಿಗೆ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಓಡಿ, ಇಷ್ಟನ್ನ ಕಾಕಾಗೆ ಒಪ್ಪಿಸೋಕೆ ವರ್ಷ ಹಿಡೀತಂತೆ.

ಆಮೇಲೆ ಜೆನೆಟಿಕ್ಸ್ ಹುಡುಗಿ. ತ್ರಿಶೂರಿನೋಳು, ಕನ್ನಡ ಕಲಿತಿದ್ದು ಪೇಶೆಂಟ್ ಮನೆಗಳಲ್ಲೇ, ಅದಕ್ಕೆ ಅವಳ ಕನ್ನಡದಲ್ಲಿ "ನಿಮ್ಮ ತಾತನ ಹೆಂಡತಿಗೆ ಅಣ್ಣತಮ್ಮ ಎಷ್ಟು ಜನ" ಅನ್ನೋದು ಬೆಣ್ಣೆ ಥರ ಬರುತ್ತೆ, ಆಟೋದೋನ ಹತ್ರ ಜಗಳ ಆಡೋಕೆ ಬರಲ್ಲ. ಬಿಸಿನೀರು ಫಿಟ್ಸು ಕೆಲವು ಮನೆತನಗಳಲ್ಲೇ ಓಡುತ್ತೆ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನ ಅನುರಂಜನ್ ಆನಂದ್ ಅವರ ಲ್ಯಾಬು ಸತೀಶ್ಚಂದ್ರ ಅವರ ಜೊತೆ ಸೇರಿ ಅಂಥ ಕುಟುಂಬಗಳ ರಕ್ತ ನೋಡಿ 10ನೇ ಕ್ರೋಮೋಸೋಮಲ್ಲಿ ಒಂದು ಜಾಗ, 4ನೇದರಲ್ಲಿ ಒಂದು ಜಾಗ ಗುರುತಿಸಿದ್ರು ಅಂತ ಅವಳೇ ಹೇಳಿದ್ದು. ಮನೆ ಅಂಕಲ್ಲು, ಮಿಲಿಟರೀಲಿದ್ದೋರು, ಅವಳಿಗೆ ತಮ್ಮ ಒಕ್ಕದ (ಕೊಡವರಲ್ಲಿ ಮನೆತನ) ವಂಶಾವಳಿ ಬಾಯಲ್ಲೇ ಒಪ್ಪಿಸ್ತಾ ಕೂತ್ರು. ಐನ್‌ಮನೆ (ಮನೆತನದ ಮೂಲಮನೆ) ಯಾವುದು, ಯಾರಿಂದ ಯಾರು, ಅವಳು ಕ್ಯಾಲೆಂಡರ್ ಹಾಳೆ ಹಿಂದೆ ಗಂಡಿಗೆ ಚೌಕ ಹೆಣ್ಣಿಗೆ ಸೊನ್ನೆ ಹಾಕ್ತಾ ಹೋದ್ಲು. "ಒಂದೇ ಒಕ್ಕದಲ್ಲಿ ಮದುವೆ ಇಲ್ಲ ನಮ್ಮಲ್ಲಿ" ಅಂದ್ರು ಅಂಕಲ್ಲು ಜಂಬದಿಂದ.

ಪುಟ್ಟಿ ನನ್ನನ್ನ ಮುಂದಕ್ಕೆ ತಳ್ಳಿದ್ಲು, "ನಮ್ಮ ಮನೇದು ಬರೀ". ನಮ್ಮಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅದು ಮಾಮೂಲು, ಆದ್ರೆ ಆ ಹುಡುಗಿ ಚೌಕಕ್ಕೂ ಸೊನ್ನೆಗೂ ಮಧ್ಯೆ ಒಂದು ಗೆರೆ ಬದಲು ಎರಡು ಗೆರೆ ಎಳೆದ್ಲು ನೋಡಿ, ರಕ್ತಸಂಬಂಧ ಅಂತ ಗುರುತು, ನನಗೆ ಎಲ್ಲರ ಮುಂದೆ ಅಂಗಿ ಬಿಚ್ಚಿಸಿದ ಹಾಗಾಯ್ತು. ದೊಡ್ಡಪ್ಪನಿಗೂ ಒಂದು ಚೌಕ ಬಂತು, ಸತ್ತೋರಿಗೆ ಅಡ್ಡಗೆರೆ. "ಹೇಗೆ ಹೋದ್ರು?" ಅಂದ್ಲು. ಟೆಕ್ನಿಷಿಯನ್ನು ನನ್ನ ಮುಖ ನೋಡಿದ. "ವಿಚಾರಿಸಿ ಹೇಳ್ತೀನಮ್ಮ" ಅಂದೆ.

ಮಾರನೇ ದಿನ ಆಗಸ್ಟ್ 3, ಕಕ್ಕಡ ಪದಿನೆಟ್ಟು, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಲ್ಲಿ ಹದಿನೆಂಟು ಔಷಧಿ ಸೇರಿರುತ್ತೆ ಅಂತ ಕೊಡವರ ನಂಬಿಕೆ, ಅದನ್ನ ಕುದಿಸಿದ ನೀರಲ್ಲಿ ಪಾಯಸ. ಬಣ್ಣ ಅಪ್ಪಟ ನೇರಳೆ. ಮೂರ್ಛೆರೋಗದ ಜಾಗೃತಿಗೆ ಇಟ್ಕೊಂಡಿರೋ ಬಣ್ಣನೂ ನೇರಳೆ ಅಂತೆ, ಎಲ್ಲರೂ ಬಟ್ಟಲು ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರು. ಆಮೇಲೆ ಮೂತ್ರ ಕೆಂಪಗೆ ಹೋಗುತ್ತೆ ಅಂತ ಆಂಟಿ ಮೊದಲೇ ಹೇಳಿದ್ರು, ಆದ್ರೂ ಇನ್ನೊಬ್ರು ಡಾಕ್ಟ್ರು, ಚಿಕ್ಕ ವಯಸ್ಸಿನೋರು, ಹೆದರ್ಕೊಂಡು ಹೊರಗೆ ಬಂದ್ರು. ಅವರು ಡಾಕ್ಟ್ರು!

ತಡಿಯಂಡಮೋಳ್ ಬೆಟ್ಟ ಹತ್ತೋ ಪ್ಲಾನ್ ಮಳೇಲಿ ಕೊಚ್ಕೊಂಡು ಹೋಯ್ತು. ನಾಲ್ಕುನಾಡು ಅರಮನೆ ದೂರದಿಂದ ನೋಡಿದ್ವಿ, 1792ರದ್ದು ಅಂತೆ, ಮಂಜಲ್ಲಿ ಹೆಂಚು ಬಿಟ್ರೆ ಏನೂ ಕಾಣಲಿಲ್ಲ.

ಸಂಜೆ ರಸ್ತೆ ತಿರುವಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಕ್ತು, ಅಮ್ಮನಿಗೆ ಫೋನ್ ಮಾಡ್ದೆ. ಕೊಡೆ ಹಿಡ್ಕೊಂಡು ಟೆಕ್ನಿಷಿಯನ್ನೂ ಬಂದಿದ್ದ. "ಅದೆಲ್ಲ ಈಗ್ಯಾಕೋ" ಅಂದ್ರು ಅಮ್ಮ. ನಿನ್ನ ತಂಗಿ ಮದುವೇಲೂ ಬೀಗರಿಗೆ ಹೇಳಿರಲಿಲ್ಲ, ಈಗ ಊರಿಗೆಲ್ಲ ಸಾರ್ತೀಯಾ ಅಂತ. ಹಿಂದೂ ವಿವಾಹ ಕಾಯ್ದೇಲೇ ಮೂರ್ಛೆರೋಗ ಅಡ್ಡಿ ಅಂತ ಬರೆದಿತ್ತು, ಅದನ್ನ ತೆಗೆದಿದ್ದು 1999ರಲ್ಲಿ ಅಂತ ಹಿಂದಿನ ರಾತ್ರಿ ತಾನೇ ಕೇಳಿದ್ದೆ, ಅದನ್ನೇ ಹೇಳ್ದೆ, ಅಮ್ಮನಿಗೆ ಕಾಯ್ದೆ ಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು ತಾವೇ ಶುರು ಮಾಡಿದ್ರು. ದೊಡ್ಡಪ್ಪ ಅಮ್ಮನಿಗೆ ಸೋದರಮಾವ.

"ನಂಗೆ ಆಗ ಎಂಟು ವರ್ಷ. ಮಾವ ನೀರು ಹುಯ್ಕೋವಾಗ್ಲೇ ಬೀಳ್ತಿದ್ದಿದ್ದು, ಬೇರೆ ಹೊತ್ತಲ್ಲಿ ಅಲ್ಲ. ಅಜ್ಜಿ ಅದಕ್ಕೇ ಮಾವನಿಗೆ ಬೇರೆ ಕೊಳದಪ್ಪಲೇಲಿ ಉಗುರುಬೆಚ್ಚಗೆ ಮಾಡಿ ಇಡ್ತಿದ್ರು, ತಲೆಗೆ ಅಜ್ಜೀನೇ ಕೈಯಲ್ಲಿ ತಟ್ಟಿ ಒರೆಸೋರು, ಚೊಂಬು ಮುಟ್ಟೋಕೆ ಬಿಡ್ತಿರಲಿಲ್ಲ. ಎರಡು ವರ್ಷ ಏನೂ ಆಗಿರಲಿಲ್ಲ. ಆವತ್ತು ಯುಗಾದಿ. ಅಜ್ಜಿ ದೇವರಮನೇಲಿದ್ರು. ಮಾವ ಹಂಡೇಲಿ ತೋಡ್ಕೊಂಡು ತಾನೇ ಹುಯ್ಕೊಂಡ."

ನಾನು ಏನೂ ಕೇಳಲಿಲ್ಲ. ಸ್ಪೀಕರಲ್ಲಿಟ್ಟಿದ್ದೆ, ಟೆಕ್ನಿಷಿಯನ್ನಿಗೂ ಕೇಳಿಸಿತ್ತು. ಮಳೆ ಸದ್ದಲ್ಲಿ ಸ್ವಲ್ಪ ದೂರ ನಡೆದ ಮೇಲೆ ಅವನು ಅಂದ, "ನಿಮ್ಮಜ್ಜಿ ಇದ್ದಿದ್ರೆ ಟೀಮಿಗೆ ಸೇರಿಸ್ಕಂತಿದ್ವು ಸಾ."

ಫೋನ್ ಇಡೋ ಮುಂಚೆ ಅಮ್ಮ ಕಾಳುಮೆಣಸು ಅರ್ಧ ಕೆಜಿ ತಾ ಅಂದಿದ್ರು. ಅಂಕಲ್ಲು ದುಡ್ಡು ತಗೊಳ್ಳಲಿಲ್ಲ, ಒಂದು ಕೆಜಿ ಕಟ್ಟಿಕೊಟ್ರು. ತ್ರಿಶೂರಿನ ಹುಡುಗಿ ಕ್ಯಾಲೆಂಡರ್ ಹಾಳೆ ಮಡಚಿ ಟಿಟಿಲಿ ನನ್ನ ಪಕ್ಕ ಬಂದು ಕೂತ್ಲು, ಅಮ್ಮ ಯಾವಾಗ ಮನೇಲಿರ್ತಾರೆ ಅಂತ ಕೇಳೋಕೆ.