ಯಾವ ಡಾಕ್ಟರ ಹತ್ತಿರ ಹೋಗಲಿ ಎಂದು ಕೇಳಿದ ತಂಗಿಗೆ

ಕಳೆದ ಭಾನುವಾರ ಚಿಕ್ಕಮಗಳೂರಿನಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಅವಳಿಗೆ ಈಗ 29, ಮದುವೆಯಾಗಿ ಮೂರು ವರ್ಷ, ಇನ್ನೂ ಮಕ್ಕಳಾಗಿಲ್ಲ. ಅತ್ತೆಮನೆಯಲ್ಲಿ ಯಾರೂ ನೇರವಾಗಿ ಏನೂ ಅನ್ನುವುದಿಲ್ಲವಂತೆ, ಆದರೆ ಯಾರದೇ ಸೀಮಂತಕ್ಕೆ ಹೋದರೂ ಮಡಿಲು ತುಂಬುವ ಹೊತ್ತಿಗೆ ಸರಿಯಾಗಿ ಇವಳನ್ನು ಅಡುಗೆಮನೆಯ ಯಾವುದೋ ಕೆಲಸಕ್ಕೆ ಕಳಿಸುತ್ತಾರಂತೆ. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ನೀನು ಅಷ್ಟು ಕಡೆ ಓಡಾಡಿದ್ದೀಯಲ್ಲ, ಯಾವ ಡಾಕ್ಟ್ರ ಹತ್ರ ಹೋಗ್ಲಿ ಹೇಳು" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಫೋನಿಟ್ಟು, ಬೀರುವಿನ ಮೇಲೆ ಕಟ್ಟಿಟ್ಟಿದ್ದ ಹಸಿರು ಫೈಲನ್ನು ಎಷ್ಟೋ ದಿನದ ಮೇಲೆ ಕೆಳಗಿಳಿಸಿದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಅಲ್ಲಿ ನನಗೆ ಆದದ್ದನ್ನು ಮಾತ್ರ ಹೇಳುತ್ತೇನೆ.

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. 2013ರಲ್ಲಿ ಮದುವೆಯಾದಾಗ ನನಗೆ 26 ವರ್ಷ. 2015ರ ಮೊದಲಲ್ಲಿ ಅತ್ತೆಯವರೇ ನನ್ನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆ ಕೊಠಡಿಯಲ್ಲಿ ವೈದ್ಯರ ಮೇಜಿನ ಮುಂದೆ ಒಂದೇ ಒಂದು ಸ್ಟೂಲು ಇತ್ತು. ಬಾಗಿಲು ಸದಾ ತೆರೆದಿರುತ್ತಿತ್ತು, ಮುಂದಿನ ಸರದಿಯ ಮೂರು ನಾಲ್ಕು ಜನ ಒಳಗೇ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಮುಟ್ಟು ಯಾವಾಗ ಆಯಿತು, ಎಷ್ಟು ದಿನ ಹೋಗುತ್ತದೆ, ಗಂಡ ಹೆಂಡತಿ ಸೇರುವುದು ಹೇಗಿದೆ ಎಂಬ ಪ್ರಶ್ನೆಗಳಿಗೆಲ್ಲ ಅವರ ಎದುರಿಗೇ ಉತ್ತರ ಹೇಳಬೇಕಾಗಿತ್ತು. ಹಾಗೆ ನಿಂತವರಲ್ಲಿ ಒಬ್ಬರು ನಾನು ಪಾಠ ಮಾಡುವ ಶಾಲೆಯ ಮಗುವಿನ ತಾಯಿ ಎಂದು ಗೊತ್ತಾದ ದಿನ, ಕೇಳಿದ್ದಕ್ಕೆಲ್ಲ "ಸರಿಯಾಗಿದೆ ಸಾರ್" ಎಂದು ಹೇಳಿ ಎದ್ದು ಬಂದೆ. ಮುಟ್ಟಿನ ಮೊದಲ ಎರಡು ದಿನ ಕರಿಹಲಗೆಯ ಮುಂದೆ ನಿಲ್ಲಲಾಗದಷ್ಟು ನೋವು ಬರುತ್ತಿದ್ದ ಸಂಗತಿ ಹೀಗಾಗಿ ಆ ಚೀಟಿಯಲ್ಲಿ ಎಂದೂ ದಾಖಲಾಗಲೇ ಇಲ್ಲ. ಬಾಗಿಲು ಹಾಕಿಕೊಂಡು ಮಾತನಾಡಿಸುವುದು ಬರಿಯ ಮರ್ಯಾದೆಯ ವಿಷಯವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತೆರೆದ ಬಾಗಿಲಿನಿಂದಾಗಿ ನನ್ನ ರೋಗವೇ ಎರಡೂವರೆ ವರ್ಷ ಮುಚ್ಚಿಹೋಗಿತ್ತು.

ಆ ಎರಡೂವರೆ ವರ್ಷ ನನಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು, ಸಕ್ಕರೆ ಎಲ್ಲ ಪರೀಕ್ಷೆಗಳಾದವು. ಅಂಡ ಬೆಳೆಯಲು ಮಾತ್ರೆ ಕೊಟ್ಟು, ಮುಟ್ಟಾದ ಒಂಬತ್ತನೆಯ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನಿಂಗ್ ಮಾಡುತ್ತಿದ್ದರು. ಅಂಡದ ಕೋಶ 18ರಿಂದ 20 ಮಿಲಿಮೀಟರ್ ಆಯಿತೆಂದರೆ ಅಂಡ ಬಿಡುಗಡೆಯಾಗಲು ಒಂದು ಇಂಜೆಕ್ಷನ್. ಪ್ರತಿ ಸಲವೂ ಅರ್ಧ ದಿನದ ರಜೆ, ಬಸ್ಸು, ಸಾಲು. ಅಷ್ಟೂ ದಿನ ನಮ್ಮ ಯಜಮಾನರು ಹೊರಗೆ ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರನ್ನು ಒಳಗೆ ಕರೆಯಬೇಕೆಂದು ವೈದ್ಯರಿಗೂ ಅನ್ನಿಸಲಿಲ್ಲ, ಅತ್ತೆಯವರಿಗೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅನ್ನಿಸಲಿಲ್ಲ. ಮಕ್ಕಳಾಗದಿದ್ದರೆ ಹೆಂಗಸಿಗೆ ಅನ್ನಲು ನಮ್ಮಲ್ಲಿ ಒಂದು ಪದ ಸದಾ ಸಿದ್ಧವಾಗಿರುತ್ತದೆ. ಗಂಡಸಿಗೆ ಅನ್ನಲು ಊರಿನ ಬಾಯಲ್ಲಿ ಅಂಥ ಪದ ನಾನು ಕೇಳಿಲ್ಲ.

ಗರ್ಭನಾಳ ತೆರೆದಿದೆಯೇ ಎಂದು ನೋಡಲು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವ ಎಚ್‌ಎಸ್‌ಜಿ ಪರೀಕ್ಷೆ ಆ ಅವಧಿಯಲ್ಲೇ ಆಯಿತು. ಚೀಟಿಯ ಮೇಲೆ ಮೂರು ಅಕ್ಷರ ಬರೆದುಕೊಟ್ಟಿದ್ದರೇ ಹೊರತು ಅದು ಏನು, ಹೇಗೆ ಮಾಡುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ತಣ್ಣನೆಯ ಎಕ್ಸ್‌ರೇ ಮೇಜಿನ ಮೇಲೆ ಮಲಗಿಸಿ, ಒಂದು ಮಾತನ್ನೂ ಆಡದೆ ಉಪಕರಣ ಹಾಕಿದಾಗ ನಾನು ಕೂಗಿಬಿಟ್ಟೆ. "ಇಷ್ಟಕ್ಕೇ ಹೀಗಾಡಿದ್ರೆ ಹೆರಿಗೆ ಹೆಂಗೆ ಮಾಡ್ಕೋತೀಯಮ್ಮ" ಎಂದು ಅಲ್ಲಿದ್ದವರು ಗದರಿದರು. ಹೆರಿಗೆಗಾಗಿಯೇ ಅಲ್ಲಿಗೆ ಬಂದವಳಿಗೆ ಆ ಮಾತು ಎಲ್ಲಿ ತಾಗುತ್ತದೆ ಎಂದು ಅವರು ಒಂದು ಕ್ಷಣ ಯೋಚಿಸಿದ್ದರೆ ಸಾಕಾಗಿತ್ತು. ಪರೀಕ್ಷೆಗೆ ಸುಮಾರು ಒಂದು ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳುವ ರೂಢಿ ಇದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ.

2017ರ ಕೊನೆಯಲ್ಲಿ ಸಹೋದ್ಯೋಗಿಯೊಬ್ಬರ ಮಾತಿನ ಮೇಲೆ ಹಾಸನದಲ್ಲೇ ಇನ್ನೊಬ್ಬ ವೈದ್ಯೆಯ ಬಳಿಗೆ ಹೋದೆವು. ಚಿಕ್ಕ ಕ್ಲಿನಿಕ್. ನಾನು ಒಳಗೆ ಹೋದ ಕೂಡಲೇ ಅವರು ಕೇಳಿದ ಮೊದಲ ಮಾತು, "ಯಜಮಾನ್ರು ಬಂದಿದ್ದಾರಾ? ಅವರನ್ನೂ ಕರೀರಿ." ಎರಡು ಕುರ್ಚಿ ಇದ್ದವು. ಸಿಸ್ಟರ್ ಬಾಗಿಲು ಹಾಕಿದರು. ನನ್ನ ದಪ್ಪ ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ತಿರುವಿ ನೋಡಿ, ಮತ್ತೆ ಹಿಂದಕ್ಕೆ ತಿರುವಿ, "ಇದರಲ್ಲಿ ಇವರದ್ದು ಒಂದು ರಿಪೋರ್ಟೂ ಇಲ್ಲವಲ್ಲಮ್ಮ" ಎಂದರು. ಆಮೇಲೆ ಚೀಟಿಯ ಹಿಂಬದಿಯಲ್ಲಿ ಗರ್ಭಕೋಶ, ಎರಡು ನಾಳ, ಎರಡು ಅಂಡಾಶಯಗಳ ಚಿತ್ರ ಬರೆದು, ಎಲ್ಲೆಲ್ಲಿ ತೊಂದರೆಯಾಗಬಹುದು, ಯಾವ ಪರೀಕ್ಷೆ ಯಾವುದನ್ನು ತೋರಿಸುತ್ತದೆ ಎಂದು ಪೆನ್ನಿನ ತುದಿಯಿಂದ ಗುರುತಿಸುತ್ತಾ ಹೋದರು. ಹುಡುಗಿಯರಿಗೆ ವಿಜ್ಞಾನದ ಪಾಠದಲ್ಲಿ ಆ ಚಿತ್ರವನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಅದು ನನ್ನ ಒಡಲಿನ ಚಿತ್ರ ಎಂದು ಅನ್ನಿಸಿದ್ದು ಅಂದೇ. ಆ ಚೀಟಿ ಇನ್ನೂ ಫೈಲಿನಲ್ಲಿದೆ.

ನೋವಿನ ವಿಷಯವನ್ನು ಅಂದು ಬಾಯಿಬಿಟ್ಟು ಹೇಳಿದೆ. ಸ್ಕ್ಯಾನಿಂಗ್ ಮಾಡುವಾಗ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಎಡ ಅಂಡಾಶಯದಲ್ಲಿದ್ದ ಕಪ್ಪು ಗುಂಡನ್ನು ತೋರಿಸಿದರು. ಚಾಕಲೇಟ್ ಸಿಸ್ಟ್ ಎಂದು ಕರೆಯುವ ಗಂಟು ಅದು, ಎಂಡೊಮೆಟ್ರಿಯೋಸಿಸ್‌ನ ಗುರುತು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೂ ಬೆಳೆದು ಮುಟ್ಟಿನ ಹೊತ್ತಿಗೆ ಯಾತನೆ ಕೊಡುವ ಈ ಕಾಯಿಲೆ, ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಹದಿನಾರನೆಯ ವಯಸ್ಸಿನಿಂದಲೂ ಅದು "ಮದುವೆಯಾದ್ರೆ ಸರಿಹೋಗುತ್ತೆ" ಎಂಬ ಮಾತಿನಲ್ಲಿ ಮುಗಿದುಹೋಗುತ್ತಿತ್ತು.

ಯಜಮಾನರ ವೀರ್ಯ ಪರೀಕ್ಷೆಗೆ ತಗುಲಿದ್ದು ಕೆಲವೇ ನೂರು ರೂಪಾಯಿ, ಒಂದು ದಿನ. ಒಂದು ಮಿಲಿಲೀಟರಿಗೆ 40 ಲಕ್ಷ ವೀರ್ಯಾಣುಗಳು ಎಂದು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಆಗ ಇಟ್ಟಿದ್ದ ಕೆಳಮಿತಿ 1.5 ಕೋಟಿ, 2021ರ ಆವೃತ್ತಿಯಲ್ಲಿ ಅದು 1.6 ಕೋಟಿ. ಒಂದೇ ವರದಿಯನ್ನು ನಂಬಬಾರದು, ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ನಡುವೆ ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತದೆ ಎಂದು ಹೇಳಿ ವೈದ್ಯೆ ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿದರು. ಹೆಚ್ಚು ಬದಲಾಗಿರಲಿಲ್ಲ. ಯಜಮಾನರ ಸಂಕಟವನ್ನೂ ಇಲ್ಲಿ ಹೇಳಬೇಕು. ಮೊದಲ ಸಲ ಪ್ರಯೋಗಾಲಯದವರು ಸ್ಯಾಂಪಲ್ ಕೊಡಲು ತೋರಿಸಿದ್ದು ಎಲ್ಲರೂ ಬಳಸುವ, ಚಿಲಕ ಸರಿಯಿಲ್ಲದ ಶೌಚಾಲಯವನ್ನು. ಹೆಂಗಸರನ್ನು ಗದರುವ ಈ ವ್ಯವಸ್ಥೆಗೆ ಗಂಡಸರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದೂ ತಿಳಿದಿಲ್ಲ. ವರದಿ ಕೈಗೆ ಬಂದ ಸಂಜೆ ಅವರು ಊಟ ಮಾಡಲಿಲ್ಲ. ರಾತ್ರಿ ಜಗುಲಿಯಲ್ಲಿ ಕುಳಿತು, "ನಿನ್ನ ಇಷ್ಟು ದಿನ ಸುಮ್ನೆ ಹಿಂಸೆ ಮಾಡಿಸ್ಬಿಟ್ವಲ್ಲ" ಎಂದರು. ಅಂದಿನಿಂದ ಒಂದು ಭೇಟಿಗೂ ಅವರು ಹೊರಗೆ ನಿಂತಿಲ್ಲ.

ಇಬ್ಬರಲ್ಲೂ ತೊಂದರೆ ಇದ್ದುದರಿಂದ, ಅಂಡ ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಪ್ರಯೋಗಾಲಯದಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಐವಿಎಫ್, ಅದರಲ್ಲೂ ಒಂದೊಂದು ಅಂಡದೊಳಕ್ಕೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಇಕ್ಸಿ ವಿಧಾನವೇ ದಾರಿ ಎಂದು ವೈದ್ಯೆ ಹೇಳಿದರು. ಅದು ತಮ್ಮಲ್ಲಿಲ್ಲ ಎಂದೂ ಹೇಳಿದರು. ತಮ್ಮಿಂದ ಆಗದ್ದನ್ನು ಆಗದು ಎನ್ನುವ ವೈದ್ಯರ ಮೇಲೆ ನನಗೆ ಹುಟ್ಟಿದ ವಿಶ್ವಾಸ ಇಂದಿಗೂ ಹಾಗೇ ಇದೆ.

2019ರಲ್ಲಿ ಬೆಂಗಳೂರಿನ ಒಂದು ಕೇಂದ್ರಕ್ಕೆ ಹೋದೆವು. ಗೋಡೆಯ ತುಂಬ ಮಕ್ಕಳ ಫೋಟೊಗಳು, ನೂರಕ್ಕೆ ಎಪ್ಪತ್ತು ಯಶಸ್ಸು ಎಂಬ ಫಲಕ. ಆ ಎಪ್ಪತ್ತು ಯಾವುದರ ಲೆಕ್ಕ ಎಂದು ಕೇಳುವಷ್ಟು ತಿಳಿವಳಿಕೆ ನಮಗೆ ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಗರ್ಭ ನಿಂತಿದೆ ಎಂದು ಬಂದವರ ಲೆಕ್ಕವೇ, ಮಗುವನ್ನು ಎತ್ತಿಕೊಂಡು ಮನೆಗೆ ಹೋದವರ ಲೆಕ್ಕವೇ, ಯಾವ ವಯಸ್ಸಿನವರು, ಚಿಕಿತ್ಸೆ ಆರಂಭಿಸಿದವರಲ್ಲಿ ಎಷ್ಟು ಮಂದಿ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಅಂಥ ಅಂಕಿಗೆ ಅರ್ಥವಿಲ್ಲ. ಪ್ಯಾಕೇಜ್ ಎಂದು ಹೇಳಿದ ಮೊತ್ತದಲ್ಲಿ ಇಂಜೆಕ್ಷನ್‌ಗಳು ಸೇರಿರಲಿಲ್ಲ, ಇಕ್ಸಿ ಸೇರಿರಲಿಲ್ಲ, ಭ್ರೂಣಗಳನ್ನು ಶೈತ್ಯದಲ್ಲಿಡುವ ಖರ್ಚೂ ಸೇರಿರಲಿಲ್ಲ. ನನ್ನ ಒಡವೆ ಸೊಸೈಟಿಯಲ್ಲಿ ಅಡವಿಟ್ಟದ್ದು ಆಗ.

ಆದರೆ ಆ ದಿನಗಳನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ನಮ್ಮೂರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್. ಅಂಡಗಳು ಬೆಳೆಯಲು ಹನ್ನೊಂದು ದಿನ ಸಂಜೆ ಇಂಜೆಕ್ಷನ್ ಆಗಬೇಕಿತ್ತು. 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕಾದ ಔಷಧ ಅದು. ಬೆಂಗಳೂರಿನಿಂದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಐಸ್ ತುಂಬಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆವು. ನಮ್ಮ ಮನೆಯಲ್ಲಿ ಕರೆಂಟು ಹೋಗುತ್ತಿದ್ದುದರಿಂದ ಸಿಸ್ಟರ್ ಅದನ್ನು ಯುಪಿಎಸ್ ಇದ್ದ ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟುಕೊಂಡರು. ಕೊನೆಯ ಇಂಜೆಕ್ಷನ್ ರಾತ್ರಿ ಸರಿಯಾಗಿ 10:30ಕ್ಕೆ ಆಗಬೇಕಿತ್ತು, ಏಕೆಂದರೆ ಅದಾದ 34ರಿಂದ 36 ಗಂಟೆಯೊಳಗೆ ಅಂಡಗಳನ್ನು ತೆಗೆಯಬೇಕು. ಅಂದು ಜೋರು ಮಳೆ. ಅವರು ಗಂಡನ ಬೈಕಿನ ಹಿಂದೆ ಕುಳಿತು, ಔಷಧದ ಡಬ್ಬಿಯನ್ನು ಸೆರಗಿನೊಳಗೆ ಕಟ್ಟಿಕೊಂಡು ಹತ್ತು ಗಂಟೆಗೇ ಬಂದು, ಅರ್ಧ ಗಂಟೆ ನಮ್ಮ ಗೋಡೆ ಗಡಿಯಾರವನ್ನೇ ನೋಡುತ್ತಾ ಕುಳಿತಿದ್ದರು. ಹಣ ಕೊಡಲು ಹೋದರೆ, "ಬಸುರಿ ಆದ್ಮೇಲೆ ನನ್ ಹತ್ರಾನೇ ತಾಯಿ ಕಾರ್ಡ್ ಮಾಡಿಸ್ಕೊಳ್ಳಿ ಟೀಚರ್, ಸಾಕು" ಎಂದರು.

ಗರ್ಭ ನಿಂತಿತು. ಏಳನೆಯ ವಾರ ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದವರು ತಟ್ಟನೆ ಮಾತು ನಿಲ್ಲಿಸಿ, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, "ಹೊರಗೆ ಕೂತಿರಿ, ಮೇಡಂ ಹೇಳ್ತಾರೆ" ಎಂದರು. ಒಂದೂವರೆ ಗಂಟೆ ಬಸುರಿಯರ ನಡುವೆ ಕುಳಿತೆವು. ಕೊನೆಗೆ ಓಡಾಡುವ ಜಾಗದಲ್ಲೇ ನಿಲ್ಲಿಸಿ, ಹೃದಯ ಬಡಿತ ಇಲ್ಲ, ಮುಂದಿನ ಸಲ ನೋಡೋಣ ಎಂದು ಹೇಳಿದರು. ಹಾಸನದ ವೈದ್ಯೆಗೆ ವಿಷಯ ತಿಳಿದು ಸಂಜೆ ಅವರೇ ಫೋನ್ ಮಾಡಿದರು. ಮೊದಲ ತಿಂಗಳುಗಳಲ್ಲಿ ನಿಲ್ಲದೆ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ ಎಂದು ವಿವರಿಸಿ, "ನೀವು ಬಸ್ಸಲ್ಲಿ ಓಡಾಡಿದ್ದಕ್ಕಾಗ್ಲಿ, ಶಾಲೆಗೆ ಹೋಗಿದ್ದಕ್ಕಾಗ್ಲಿ ಹೀಗಾಗಿಲ್ಲ" ಎಂದರು. ಆ ಮಾತನ್ನು ನಾನು ಅತ್ತೆಯವರಿಗೂ ಫೋನಿನಲ್ಲಿ ಕೇಳಿಸಿದೆ. ಪ್ರತಿ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ನನ್ನ ಹೆಸರಿನಲ್ಲಿ ಹರಕೆ ಹೊತ್ತು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಿದ್ದವರು ಅವರು. ಅಂದು ನನ್ನ ಕೈ ಹಿಡಿದುಕೊಂಡೇ ಮಲಗಿದರು.

ಲಾಕ್‌ಡೌನ್ ಮುಗಿದು, 2021ರಲ್ಲಿ ಉಳಿದಿದ್ದ ಭ್ರೂಣವನ್ನು ವರ್ಗಾಯಿಸಿದರು. ನಿಲ್ಲಲಿಲ್ಲ. ಅಲ್ಲಿಗೆ ನಾವಿಬ್ಬರೂ ಸಾಕು ಎಂದುಕೊಂಡೆವು.

ತಂಗಿಯ ವಿಷಯ ಬೇರೆ. ಅವಳಿಗೆ 45ರಿಂದ 60 ದಿನಕ್ಕೊಮ್ಮೆ ಮುಟ್ಟಾಗುತ್ತದೆ, ಪಿಸಿಓಎಸ್ ಎಂದು, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ ಎಂದು ಒಬ್ಬ ವೈದ್ಯರು ಹೇಳಿದ್ದಾರೆ, ತೂಕ ಇಳಿಸಿಕೊಂಡು ಬನ್ನಿ ಎಂದು ಕಳಿಸಿದ್ದಾರೆ. ದೇಹದ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿಯಾಗುತ್ತದೆ ಎಂಬುದು ನಿಜ. ಆದರೆ ಥೈರಾಯ್ಡ್, ಸಕ್ಕರೆ ಏನನ್ನೂ ನೋಡದೆ, ಮತ್ತೆ ಯಾವಾಗ ಬರಬೇಕೆಂದೂ ಹೇಳದೆ ಅದೊಂದೇ ಮಾತಿನಲ್ಲಿ ಕಳಿಸಿಬಿಟ್ಟರೆ ಅದು ಚಿಕಿತ್ಸೆಯಾಗುವುದಿಲ್ಲ, ಅವಳ ಮೈಯನ್ನು ಆಡಿಕೊಂಡಂತಾಗುತ್ತದೆ. ವಯಸ್ಸು 35ರೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ಆಮೇಲೆ ವೈದ್ಯರನ್ನು ಕಾಣಬೇಕೆಂಬುದು ಸಾಮಾನ್ಯ ನಿಯಮ. ಮುಟ್ಟೇ ಏರುಪೇರಾಗಿರುವ ಅವಳಂಥವರು ಅಷ್ಟೂ ಕಾಯಬೇಕಾಗಿಲ್ಲ. ಅಂಡ ಬಿಡುಗಡೆಗೆ ಲೆಟ್ರೋಜೋಲ್‌ನಂಥ ಮಾತ್ರೆಗಳಲ್ಲೇ ಬಹಳ ಮಂದಿಗೆ ಫಲ ಸಿಗುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ಯಾರಾದರೂ ಐವಿಎಫ್ ಪ್ಯಾಕೇಜ್ ಮುಂದಿಟ್ಟರೆ, ಏಕೆ ಎಂದು ಕೇಳದೆ ಸಹಿ ಹಾಕಬೇಡ ಎಂದಿದ್ದೇನೆ. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಅಷ್ಟು ಅಗ್ಗದ ಮಾತ್ರೆಯನ್ನು ನನಗೆ ಮೊದಲ ಎರಡೂವರೆ ವರ್ಷ ಯಾರೂ ಬರೆದುಕೊಟ್ಟಿರಲಿಲ್ಲ.

ನಮಗಿಲ್ಲದಿದ್ದ ಒಂದು ಬಲ ಅವಳಿಗಿದೆ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಬೇಕು, ಯಶಸ್ಸಿನ ಸಾಧ್ಯತೆ, ಅಡ್ಡಪರಿಣಾಮ, ಖರ್ಚು ಎಲ್ಲವನ್ನೂ ಮೊದಲೇ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ದೂರು ಕೇಳುವ ವ್ಯವಸ್ಥೆ ಇಟ್ಟಿರಬೇಕು. ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಬೆಂಗಳೂರಿನ ಕೇಂದ್ರದಿಂದ ನನ್ನ ಭ್ರೂಣಗಳ ವರದಿ ಪಡೆಯಲು ನಾಲ್ಕು ಸಲ ಹೋಗಿ ಬಂದ ನನಗೆ ಆ ನಿಯಮ ಆಗಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಸೋಮವಾರ ತಂಗಿ ಮತ್ತು ಅವಳ ಗಂಡ ಬೇಲೂರಿನ ಮೇಲೆ ಹಾಸನಕ್ಕೆ ಬರುತ್ತಿದ್ದಾರೆ, ಅದೇ ವೈದ್ಯೆಯ ಬಳಿಗೆ. ತೋಟದಲ್ಲಿ ಕಾಫಿ ಹಣ್ಣಿನ ಕೊಯ್ಲು ನಡೆಯುತ್ತಿದೆ, ಅವಳೊಬ್ಬಳೇ ಹೋಗಿಬರಲಿ ಎಂದು ಅವನು ಮೊದಲು ಹೇಳಿದ್ದನಂತೆ. ನಮ್ಮ ಯಜಮಾನರು ಅವನಿಗೆ ಫೋನ್ ಮಾಡಿ ಹೊರಗೆ ಅಂಗಳದಲ್ಲಿ ಬಹಳ ಹೊತ್ತು ಮಾತನಾಡಿದರು. ಏನು ಹೇಳಿದರೆಂದು ನಾನು ಕೇಳಲಿಲ್ಲ. ಹೊಸ ಫೈಲು ತಂದಿಟ್ಟಿದ್ದೇನೆ. ಮೊದಲ ಹಾಳೆಯಲ್ಲಿ ಅವಳ ಕಳೆದ ಆರು ಮುಟ್ಟಿನ ತಾರೀಖುಗಳನ್ನು ಬರೆಸಿದ್ದೇನೆ, ಎರಡನೆಯ ಹಾಳೆಯ ಮೇಲೆ ಅವನ ಹೆಸರು ಬರೆದು ಕೆಳಗೆ ಖಾಲಿ ಬಿಟ್ಟಿದ್ದೇನೆ.