ಹಳೇ ಕಾರಿನ ಕಟ ಕಟ ಸದ್ದು

ನನ್ನ ಹಳೇ ಸ್ಪೋರ್ಟ್ಸ್ ಕಾರು ವೇಗವಾಗಿ ಹೋಗುವಾಗ ಸುಮ್ನೆ ಇರುತ್ತದೆ. ನಿಧಾನವಾಗಿ ಗುಂಡಿ ಇಳಿದರೆ ಸಾಕು, ಮುಂದಿನ ಎಡಗಡೆಯಿಂದ ಕಟ ಕಟ ಅಂತ ಶುರು. ಮೊದಲು ಶಾಕ್ ಅಬ್ಸಾರ್ಬರೇ ಹೋಗಿದೆ ಅಂದುಕೊಂಡಿದ್ದೆ, ಆದರೆ ಅದರ ಮೇಲೆ ಎಣ್ಣೆ ಸೋರಿದ ಗುರುತೇ ಇರಲಿಲ್ಲ. ಆಮೇಲೆ ಗಮನಿಸಿದೆ: ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಸದ್ದು ಕಡಿಮೆ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ಜಾಸ್ತಿ. ಆಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ, ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಉಕ್ಕಿನ ಸರಳು) ಕೆಲಸ ಮಾಡುವುದೇ ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿದಾಗ, ಅಲ್ವಾ? ಅದನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ಹಿಡಿದು ಅಲ್ಲಾಡಿಸಿದೆ, ಅದರ ತುದಿಯ ಬಾಲ್ ಜಾಯಿಂಟ್ (ಗುಂಡು ಕೀಲು) ಪೂರ್ತಿ ಸಡಿಲ, ರಬ್ಬರ್ ಕವರ್ ಹರಿದು ಒಳಗಿನ ಗ್ರೀಸ್ ಮಣ್ಣಿನ ಜೊತೆ ಸೇರಿ ಕಪ್ಪು ಪೇಸ್ಟ್ ಆಗಿತ್ತು.

ಎರಡೂ ಕಡೆ ಲಿಂಕ್ ಬದಲಿಸಿದೆ. ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ಬುಷ್‌ಗಳೂ (ಕೀಲಿನಲ್ಲಿರುವ ರಬ್ಬರ್ ತುಂಡುಗಳು) ಬಿರುಕು ಬಿಟ್ಟಿದ್ದವು, ಅವನ್ನೂ ಹೊಸದು ಹಾಕಿಸಿದೆ. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಸ್ಟೀರಿಂಗ್ ಚುರುಕಾಗುತ್ತದೆ ನಿಜ, ಆದರೆ ರಸ್ತೆಯ ನಡುಕ ಒಳಗೆ ಜಾಸ್ತಿ ಬರುತ್ತದೆ, ದಿನಾ ಓಡಿಸುವ ಕಾರಿಗೆ ನನಗೆ ರಬ್ಬರೇ ಇಷ್ಟ.

ಒಂದು ಮಾತು ದಯವಿಟ್ಟು ನೆನಪಿಡಿ. ರಬ್ಬರ್ ಬುಷ್ ಇರುವ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಬಿಗಿ ಮಾಡಿ, ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ.

ನಿನ್ನೆ ಅದೇ ಗುಂಡಿ ಇಳಿಸಿದೆ. ಮೆತ್ತಗೆ ಧಪ್ ಅಂದಿತು, ಅಷ್ಟೇ. ಎಷ್ಟು ಖುಷಿಯಾಯಿತು ಅಂದರೆ, ತಿರುಗಿಸಿ ಇನ್ನೊಂದು ಸಲ ಇಳಿಸಿದೆ.