ಇಷ್ಟ್ ಮಂದಿ ಕೂಡೀರಿ, ಏನೂ ಕೇಳಂಗಿಲ್ಲೇನ್ರೀ?

ಭಾನುವಾರದಿಂದ ಈ ಪ್ರಶ್ನೆ ತಲೆಯಿಂದ ಇಳಿದೇ ಇಲ್ಲ. ಕೇಳಿದವರು ಒಬ್ಬ ಸೆಕ್ಯೂರಿಟಿ ಗಾರ್ಡ್. ಕೇಳಿದ್ದು ವಿಧಾನಸೌಧದ ಎದುರು, ಇಬ್ಬರೂ ಸೈಕಲ್ ತುಳಿಯುತ್ತಿರುವಾಗಲೇ. ನಾನು ಸೈಕಲ್ ರೈಡ್‌ಗೆ ಅಂತ ಬಂದಿದ್ದೆ. ಅವರು ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದರು.

ಕಂಠೀರವ ಸ್ಟೇಡಿಯಂ ಹತ್ತಿರ ಆರು ಗಂಟೆಗೇ ಜನ ಸೇರಿದ್ದರು. ಕಾರ್ಬನ್ ಫ್ರೇಮಿನ ಸೈಕಲ್‌ಗಳಿದ್ದವು. ಬಾಡಿಗೆ ಸೈಕಲ್‌ಗಳೂ ಇದ್ದವು. ಅಪ್ಪನ ಪಕ್ಕದಲ್ಲಿ ಪುಟ್ಟ ಸೈಕಲ್ ಹಿಡಿದು ನಿಂತ ಮಕ್ಕಳಿದ್ದರು. ಸೀರೆ ಉಟ್ಟು ಮೇಲೊಂದು ಟೀ ಶರ್ಟ್ ಹಾಕಿಕೊಂಡು ಬಂದ ಅಜ್ಜಿಯೊಬ್ಬರಿದ್ದರು. ಮೊದಲು ಜುಂಬಾ, ಆಮೇಲೆ ಭಾಷಣ. ಬಾವುಟ ತೋರಿಸಲು ಬಂದ ಗಣ್ಯರು ಯಾರದ್ದೋ ಸೈಕಲ್ ಹ್ಯಾಂಡಲ್ ಹಿಡಿದು ಫೋಟೋ ತೆಗೆಸಿಕೊಂಡರು, ಪರಿಸರದ ಬಗ್ಗೆ ಎರಡು ಮಾತಾಡಿದರು, ಕಾರು ಹತ್ತಿ ಹೋದರು. ನನಗೆ ಅದು ಸರಿ ಕಾಣಲಿಲ್ಲ. ಮೊದಲ ಸಿಗ್ನಲ್ ತನಕ ತುಳಿದಿದ್ದರೂ ಸಾಕಿತ್ತು. ರಸ್ತೆಯ ಎಡ ಅಂಚು ಹೇಗಿರುತ್ತೆ ಅಂತ ಅವರ ಕೈಗೇ ಗೊತ್ತಾಗುತ್ತಿತ್ತು.

ಆದರೆ ರೈಡ್ ಮಾತ್ರ ಬಹಳ ಚೆನ್ನಾಗಿತ್ತು. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಕಸ್ತೂರ್ಬಾ ರಸ್ತೆ, ಮ್ಯೂಸಿಯಂ ಎದುರು. ವಾರದ ದಿನ ಅಲ್ಲಿ ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಭಾನುವಾರ ಇಡೀ ರಸ್ತೆ ತುಂಬಾ ನೂರಾರು ಸೈಕಲ್. ಎಲ್ಲರೂ ಒಟ್ಟಿಗೆ ಪೆಡಲ್ ನಿಲ್ಲಿಸಿ ಹಾಗೇ ತೇಲಿಬಿಟ್ಟಾಗ ಹಿಂದಿನ ಚಕ್ರಗಳಿಂದ ಟಿಕ್ ಟಿಕ್ ಟಿಕ್ ಅಂತ ಒಂದೇ ಸಮನೆ ಸದ್ದು, ಮಲೆನಾಡಿನ ಸಂಜೆಯ ಜೀರುಂಡೆಗಳ ಹಾಗೆ. ಅದರ ಮೇಲೆ ಕಬ್ಬನ್ ಪಾರ್ಕಿನ ಗಿಳಿಗಳ ಕೂಗು. ಯಾರೂ ಹಾರ್ನ್ ಹೊಡೆಯಲಿಲ್ಲ. ಹಿಂದಿನಿಂದ ಏನು ಬರುತ್ತಿದೆಯೋ ಅಂತ ಬೆನ್ನು ಬಿಗಿ ಹಿಡಿಯಬೇಕಾಗಲಿಲ್ಲ. ಈ ಊರಲ್ಲಿ ಸೈಕಲ್ ಓಡಿಸುವವರಿಗೆ ಆ ಬಿಗಿತ ಚೆನ್ನಾಗಿ ಗೊತ್ತು. ಅದು ಸಡಿಲವಾದಾಗಲೇ ಇಷ್ಟು ದಿನ ಎಷ್ಟು ಹೊತ್ತುಕೊಂಡಿದ್ದೆವು ಅಂತ ತಿಳಿಯುವುದು.

ಅಡ್ಡರಸ್ತೆಗಳ ಬಾಯಲ್ಲಿ ಹಳದಿ ಜಾಕೆಟ್ಟಿನ ವಾಲಂಟಿಯರ್‌ಗಳು ತಮ್ಮ ಸೈಕಲ್ ಅಡ್ಡ ಇಟ್ಟು ನಿಂತಿದ್ದರು. ಎಲ್ಲರೂ ಕಾಲೇಜು ವಯಸ್ಸಿನವರು. ಮಿನ್ಸ್ಕ್ ಸ್ಕ್ವೇರ್‌ನಲ್ಲಿ ಕ್ವೀನ್ಸ್ ರಸ್ತೆ ಕಡೆಯಿಂದ ಬಂದ ವಾಹನಗಳನ್ನು ಒಬ್ಬ ಹುಡುಗಿ ತಡೆದು ನಿಲ್ಲಿಸಿದ್ದಳು. ಕಾರು, ಆಟೋಗಳ ನಡುವೆ ಒಬ್ಬರು ಸೈಕಲ್ ಹಿಡಿದು ಒಂದು ಕಾಲು ಕೆಳಗಿಟ್ಟು ನಿಂತಿದ್ದರು. ಹುಡುಗಿ ಅವರನ್ನು ನೋಡಿ, 'ಅಂಕಲ್, ಸೈಕಲ್ ಅಲ್ವಾ, ಬನ್ನಿ ಬನ್ನಿ' ಅಂತ ಕೈ ಬೀಸಿ ಒಳಗೆ ಬಿಟ್ಟಳು. ಆ ಹುಡುಗಿಯ ಬಗ್ಗೆ ನನಗೆ ತುಂಬಾ ಗೌರವ ಬಂತು. ಒಂದು ಕ್ಷಣವೂ ಯೋಚಿಸಲಿಲ್ಲ ಅವಳು.

ಹಾಗೆ ಒಳಗೆ ಬಂದವರು ನನ್ನ ಪಕ್ಕಕ್ಕೇ ಸೇರಿದರು. ಕಪ್ಪು ಹರ್ಕ್ಯುಲಸ್ ಸೈಕಲ್. ಬೆಲ್ಲಿನ ಮುಚ್ಚಳ ಇಲ್ಲ. ಕ್ಯಾರಿಯರ್‌ನಲ್ಲಿ ಮಡಚಿಟ್ಟ ನೀಲಿ ಶರ್ಟು, ಅದರ ಮೇಲೆ ಟಿಫಿನ್ ಡಬ್ಬಿ, ಎರಡಕ್ಕೂ ಸೇರಿಸಿ ಹಳೇ ಟ್ಯೂಬ್ ಬಿಗಿದು ಕಟ್ಟಿದ್ದರು. ಸುತ್ತಮುತ್ತ ನೋಡಿ ಕೇಳಿದರು: 'ಯಾವ ಪಾರ್ಟೀದ್ರೀ ಮೇಡಂ ಇದು?'

ಪಾರ್ಟಿ ಯಾವುದೂ ಇಲ್ಲ, ಸೈಕಲ್ ಓಡಿಸುವವರು ಸೇರಿದ್ದೀವಿ ಅಂದೆ.

'ಹಂಗಾರ ಫ್ರೀಡಂ ಪಾರ್ಕಿಗೆ ಹೊಂಟೀರೇನು? ಏನ್ ಬೇಡಿಕಿ ಐತ್ರೀ?'

ಇದನ್ನು ಕೇಳಿಸಿಕೊಂಡ ಇನ್ನೊಬ್ಬ ಸವಾರರು ಹಿಂದಿನಿಂದ ಮುಂದೆ ಬಂದರು. ಹ್ಯಾಂಡಲ್ ಮೇಲೆ ಪುಟ್ಟ ಕಂಪ್ಯೂಟರ್, ಕಣ್ಣಿಗೆ ಬಣ್ಣದ ಗ್ಲಾಸು. ಒಳ್ಳೆಯ ಮನುಷ್ಯ. ದಾರಿಯಲ್ಲಿ ಒಬ್ಬ ಹುಡುಗನ ಚೈನ್ ಬಿದ್ದಾಗ ನಿಂತು ಹಾಕಿಕೊಟ್ಟವರು ಅವರೇ. 'ಡಿಮ್ಯಾಂಡ್ ಅಂತ ಏನಿಲ್ಲ ಅಂಕಲ್, ಅವೇರ್‌ನೆಸ್‌ಗೆ' ಅಂದರು.

'ಯಾರ್ಗ್ರೀ?'

ಸವಾರರು ಸುಮ್ಮನಾದರು. ಆಗಲೇ ಗಾರ್ಡ್ ಆ ಮಾತು ಹೇಳಿದ್ದು: 'ಇಷ್ಟ್ ಮಂದಿ ಕೂಡೀರಿ, ಏನೂ ಕೇಳಂಗಿಲ್ಲೇನ್ರೀ?'

ಬಲಕ್ಕೆ ವಿಧಾನಸೌಧ, ಎಡಕ್ಕೆ ಕೆಂಪು ಹೈಕೋರ್ಟ್. ಅಲ್ಲಿಗೆ ಗುಂಪಾಗಿ ಬಂದವರು ಏನಾದರೂ ಕೇಳಿಯೇ ಕೇಳುತ್ತಾರೆ ಅನ್ನುವುದು ಅವರ ಲೆಕ್ಕ. ಸಂಬಳ, ನೀರು, ಬೆಳೆಗೆ ಬೆಲೆ, ಏನೋ ಒಂದು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ರಸ್ತೆ ಖಾಲಿ ಮಾಡಿಸಿದ್ದಾರೆ, ಪೊಲೀಸರು ಸಿಗ್ನಲ್ ಹಿಡಿದಿದ್ದಾರೆ, ಇಷ್ಟು ಜನ ಬಂದಿದ್ದಾರೆ, ಹಾಗೇ ಮನೆಗೆ ಹೋಗ್ತಾರಾ?

ಕೆ.ಆರ್. ಸರ್ಕಲ್ ದಾಟಿ ನೃಪತುಂಗ ರಸ್ತೆಗೆ ಬಂದೆವು. ಅವರು ಮೆಲ್ಲಗೆ ತುಳಿಯುವವರು. ವೇಗದವರು ಹಿಂದಿನಿಂದ 'ಅಂಕಲ್, ಲೆಫ್ಟ್ ಲೆಫ್ಟ್' ಅಂತ ಕೂಗಿದರು. ಗಾರ್ಡ್ ಎಡಕ್ಕೆ ಹೋಗಲಿಲ್ಲ. ನನ್ನ ಕಡೆ ತಿರುಗಿ, 'ಆ ಬಾಜೂ ಒಲ್ಲೆರೀ, ಗಟಾರದ ಜಾಳಿಗಿ ಇರ್ತಾವ' ಅಂದರು. 'ಉದ್ದಕ ಹಾಕ್ಯಾರ. ಗಾಲಿ ಒಳಗ ಹೊಕ್ಕೊಂಡ ಬಿಡ್ತೈತಿ. ಅಡ್ಡ ಹಾಕ್ರಿ ಅಂತ ಇದನ್ನಾರ ಕೇಳ್ರಲಾ.'

ಆಮೇಲೆ ಬಲಗೈ ತೋರಿಸಿದರು. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಬ್ರೇಕ್ ಹಿಡಿಯುವುದು ಎರಡು ಬೆರಳಲ್ಲಿ. ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ನಿಂತಿತ್ತಂತೆ, ಜಾಳಿಗಿ ಕಾಣಲಿಲ್ಲವಂತೆ, ಮುಂದಿನ ಗಾಲಿ ಇಳಿಯಿತಂತೆ. ಪ್ಲಾಸ್ಟರ್ ಹಾಕಿದಷ್ಟು ದಿನ ಪಗಾರ ಇಲ್ಲ. ಇದನ್ನೆಲ್ಲಾ ಹವಾ ಹೆಂಗದ ಅಂತ ಹೇಳಿದಷ್ಟು ಸಲೀಸಾಗಿ ಹೇಳಿದರು. ಬಾಗಲಕೋಟೆ ಕಡೆಯವರಂತೆ. 'ನಮ್ ಕಡೆ ಸೈಕಲ್ ರೇಸಿನ ಹುಚ್ಚು ಭಾಳ ರೀ' ಅಂತ ಹೇಳುವಾಗ ಮಾತ್ರ ಮುಖ ಅರಳಿತು. ನಿಜ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಒಳ್ಳೊಳ್ಳೆ ಸೈಕ್ಲಿಸ್ಟ್‌ಗಳನ್ನು ಕೊಟ್ಟಿವೆ. ಹಡ್ಸನ್ ಸರ್ಕಲ್‌ನಲ್ಲಿ ನಾವು ಕಂಠೀರವದ ಕಡೆ ತಿರುಗಿದೆವು, ಅವರು ಲಾಲ್‌ಬಾಗ್ ಕಡೆ ಹೋದರು. ಅಲ್ಲಿಂದ ಮುಂದೆ ಅವರಿಗೆ ವಾಲಂಟಿಯರ್ ಇಲ್ಲ, ಪೊಲೀಸ್ ಇಲ್ಲ. ದಿನಾ ಹೋಗುವ ಹಾಗೆ ಒಬ್ಬರೇ.

ಸೋಮವಾರ ಸಂಜೆ ನಮ್ಮ ಬೀದಿಯ ಚರಂಡಿ ಜಾಲರಿಗಳನ್ನು ಕೂತು ನೋಡಿದೆ. ಇಷ್ಟು ವರ್ಷ ಅವುಗಳ ಪಕ್ಕದಲ್ಲೇ ಓಡಾಡಿದ್ದೇನೆ. ಕಬ್ಬಿಣದ ಪಟ್ಟಿಗಳು ರಸ್ತೆ ಹೋಗುವ ದಿಕ್ಕಿಗೇ ಉದ್ದುದ್ದ ಇವೆ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಪಟ್ಟಿಗಳ ನಡುವಿನ ಸಂದಿಗೆ ಅದನ್ನು ಅಡ್ಡಲಾಗಿ ಹಿಡಿದೆ. ಎರಡೂ ಕಡೆ ತಾಗದೆ ಒಳಗೆ ಹೋಯಿತು. ರೋಡ್ ಬೈಕ್ ಟೈರಿನ ಅಗಲ ಸಾಮಾನ್ಯವಾಗಿ 25ರಿಂದ 28 ಮಿಲಿಮೀಟರ್. ಗಾರ್ಡ್ ಓಡಿಸುವಂಥ ಸೈಕಲ್ಲಿನ ಟೈರು ಒಂದೂವರೆ ಇಂಚು. ಅವರ ಚಕ್ರವನ್ನೇ ನುಂಗಿದ ಜಾಲರಿ ನಮ್ಮದನ್ನು ಬಿಡುತ್ತಾ?

ಉದ್ದಕ್ಕೆ ಹಾಕಲು ಒಂದು ಕಾರಣ ಇದೆ. ಅಂಚಿನ ಗುಂಟ ಹರಿದು ಬರುವ ನೀರು ಉದ್ದ ಸಂದಿಯಲ್ಲಿ ಬೇಗ ಇಳಿಯುತ್ತೆ. ಆದರೆ ಅದೇ ಜಾಲರಿಯ ಮೇಲೆ ಅಡ್ಡ ಪಟ್ಟಿ ಬೆಸುಗೆ ಹಾಕಿದರೂ ಸಾಕು, ನೀರೂ ಇಳಿಯುತ್ತೆ, ಚಕ್ರವೂ ಉಳಿಯುತ್ತೆ. ಫ್ಲೈಓವರ್ ಕಟ್ಟುವಂಥ ಕೆಲಸ ಏನೂ ಅಲ್ಲ ಇದು. ಒಬ್ಬ ವೆಲ್ಡರ್, ಒಂದು ಮಧ್ಯಾಹ್ನ, ಒಂದು ಬೀದಿ. ಎಲ್ಲರೂ ಸೈಕಲಿಗರಿಗೆ 'ಎಡಕ್ಕೆ ಹೋಗಿ' ಅನ್ನುತ್ತಾರೆ. ಎಡಕ್ಕೆ ಹೋದರೆ ಈ ಜಾಲರಿ, ನಿಂತ ಆಟೋ, ಬಸ್ ಸ್ಟಾಪು, ಮರಳು, ಗಾಜಿನ ಚೂರು. ಗಾರ್ಡ್ ನಡುವೆ ತುಳಿಯುತ್ತಿದ್ದದ್ದು ಹಟಕ್ಕಲ್ಲ, ಪೆಟ್ಟು ತಿಂದು ಕಲಿತದ್ದು.

ಕೇಳದೆ ಎಲ್ಲೂ ಏನೂ ಸಿಕ್ಕಿಲ್ಲ. ನೆದರ್‌ಲ್ಯಾಂಡ್ಸ್ ಅಂದರೆ ಹುಟ್ಟಿನಿಂದಲೇ ಸೈಕಲ್ ದೇಶ ಅಂದುಕೊಳ್ಳುತ್ತೇವೆ. 1950, 60ರ ದಶಕದಲ್ಲಿ ಅಲ್ಲೂ ಕಾರುಗಳೇ ಬೀದಿ ಆಕ್ರಮಿಸಿದ್ದವು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 3,300. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಮೇಲೆ ಅಪ್ಪ ಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬೀದಿಗಿಳಿದರು. ಸೈಕಲ್ ಮೇಲೆ ಗುಂಪಾಗಿ ಹೋದರು, ಬೀದಿ ಅಡ್ಡಗಟ್ಟಿದರು, ಇಂಥದ್ದು ಬೇಕು ಅಂತ ಹೆಸರು ಹಿಡಿದು ಕೇಳಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಅಲ್ಲಿ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಲ್ಲಿಸಿದ್ದರು. ಖಾಲಿ ರಸ್ತೆಯ ರುಚಿ ಜನಕ್ಕೆ ಹತ್ತಿತು. ನಾನು ಮ್ಯೂಸಿಯಂ ಎದುರು ಕಂಡದ್ದನ್ನೇ ಅವರೂ ಕಂಡಿರಬೇಕು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 1992ರ ಸೆಪ್ಟೆಂಬರ್‌ನಲ್ಲಿ ನಲವತ್ತು ಐವತ್ತು ಜನ ಒಟ್ಟಿಗೆ ಸೈಕಲ್ ತುಳಿದು ಶುರುಮಾಡಿದ 'ಕ್ರಿಟಿಕಲ್ ಮಾಸ್' ಎಷ್ಟೋ ದೇಶಗಳಿಗೆ ಹಬ್ಬಿತು. ಸಾಮಾನ್ಯವಾಗಿ ತಿಂಗಳ ಕೊನೆಯ ಶುಕ್ರವಾರ ಸಂಜೆ, ಕೆಲಸ ಬಿಡುವ ಹೊತ್ತಿಗೇ ಹೊರಡುತ್ತಾರೆ, ನಾವೂ ಟ್ರಾಫಿಕ್ಕೇ ಅಂತ ತೋರಿಸಲು.

ನಮ್ಮಲ್ಲಿ ಏನೂ ಆಗಿಲ್ಲ ಅಂತಲ್ಲ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಚಿಕ್ಕ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದರು. ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೋ ಕೆಲಸ ಬಂತು, ಪಥ ಹೋಯಿತು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂದಾಗ ನಮಗೆಲ್ಲಾ ಹೆಮ್ಮೆ.

ಇನ್ನೊಂದು ವಿಷಯ ಈ ವಾರ ಪದೇ ಪದೇ ನೆನಪಾಗುತ್ತಿದೆ. ಕರ್ನಾಟಕದ ಅತಿ ದೊಡ್ಡ ಸೈಕಲ್ ರೈಡ್ ನಡೆದದ್ದು ಬೆಂಗಳೂರಿನಲ್ಲಿ ಅಲ್ಲವೇ ಅಲ್ಲ. 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದರು. ಆಮೇಲೆ ಯಾವ ಹಳ್ಳಿ ರಸ್ತೆಗೆ ಬೆಳಿಗ್ಗೆ ಒಂಬತ್ತಕ್ಕೆ ಹೋದರೂ ಯೂನಿಫಾರ್ಮ್ ಹಾಕಿದ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ. ಜಡೆಗೆ ರಿಬ್ಬನ್, ಬೆನ್ನಿಗೆ ಬ್ಯಾಗು, ಜೋರಾಗಿ ಹರಟೆ. ಒಬ್ಬೊಬ್ಬಳೇ ಹೋಗಲು ಹೆದರಿಕೆ ಅಂತ ಗುಂಪಾಗಿ ಹೋಗುತ್ತಿದ್ದರು. ಅವರಿಗೆ ಟೀ ಶರ್ಟ್ ಇರಲಿಲ್ಲ, ಮೆಡಲ್ ಇರಲಿಲ್ಲ. ಕೊರೊನಾ ಬಂದ ಮೇಲೆ ಸೈಕಲ್ ಹಂಚುವುದು ನಿಂತಿತು. ಅದಕ್ಕಾಗಿ ನಮ್ಮ ನಗರದ ಸೈಕಲ್ ಗುಂಪುಗಳು ಒಂದು ದಿನವೂ ರಸ್ತೆಗಿಳಿದದ್ದನ್ನು ನಾನು ನೋಡಿಲ್ಲ. ಇದು ನನಗೆ ಬೇಸರದ ವಿಷಯ. ಸೈಕಲ್ ಮೇಲೆ ಪ್ರೀತಿ ಅನ್ನುವವರು ಆ ಹುಡುಗಿಯರನ್ನು ನಮ್ಮವರು ಅಂದುಕೊಳ್ಳಬೇಡವಾ?

ಮಂಗಳವಾರ ಇದನ್ನೆಲ್ಲಾ ರೈಡ್‌ನ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದೆ. ಮುಂದಿನ ರೈಡ್‌ನಲ್ಲಿ ಒಂದೇ ಒಂದು ಬೇಡಿಕೆ ಇಡೋಣ, ಜಾಲರಿ ಅಡ್ಡ ಹಾಕಿ ಅಂತ. ಕೆಲವರು ಹೆಬ್ಬೆರಳು ಒತ್ತಿದರು. ಒಬ್ಬರು 'ರೈಡ್ ಖುಷಿಗೆ, ಇಲ್ಲಿ ರಾಜಕೀಯ ಬೇಡ' ಅಂದರು. ಆಯೋಜಕರಲ್ಲಿ ಒಬ್ಬರು ಫೋನ್ ಮಾಡಿ ಸಮಾಧಾನವಾಗಿ ವಿವರಿಸಿದರು. ಬೇಡಿಕೆ ಅಂತ ಬೋರ್ಡ್ ಹಿಡಿದರೆ ಅದು ಪ್ರತಿಭಟನೆ ಆಗುತ್ತೆ. ಪ್ರತಿಭಟನೆಗೆ ಈಗ ಫ್ರೀಡಂ ಪಾರ್ಕ್ ಬಿಟ್ಟರೆ ಜಾಗ ಇಲ್ಲ. ಅನುಮತಿ ಹೋದರೆ ಮಕ್ಕಳು, ಅಜ್ಜಿಯರು ಬರುವ ರೈಡೇ ನಿಂತು ಹೋಗುತ್ತೆ. ಅವರ ಮಾತಲ್ಲಿ ನಿಜ ಇದೆ. ಇಷ್ಟು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ತಂದವರು ಅವರು, ನಾನಲ್ಲ. ಆ ಕಷ್ಟ ನನಗೆ ಅರ್ಥವಾಗುತ್ತೆ. ಆದರೂ 'ರಾಜಕೀಯ ಬೇಡ' ಅಂದವರ ಮಾತನ್ನು ಒಪ್ಪಲಾರೆ. ಮಣಿಕಟ್ಟು ಮುರಿಯದ ಹಾಗೆ ರಸ್ತೆ ಮಾಡಿ ಅಂತ ಕೇಳುವುದು ಖುಷಿ ಕೆಡಿಸುವ ಮಾತಾ?

ಪತ್ರಕ್ಕೆ ಅನುಮತಿ ಬೇಕಾಗಿಲ್ಲ. ನಮ್ಮ ಬೀದಿಯ ಜಾಲರಿಗಳ ಫೋಟೋ ತೆಗೆದು, ಯಾವ ಮನೆ ಮುಂದೆ, ಯಾವ ತಿರುವಿನಲ್ಲಿ ಅಂತ ಗುರುತು ಹಾಕಿ ವಾರ್ಡ್ ಇಂಜಿನಿಯರ್‌ಗೆ ಕೊಡಲು ಪತ್ರ ಸಿದ್ಧ ಮಾಡಿದ್ದೇನೆ. ಆ ಚೈನ್ ಹಾಕಿಕೊಟ್ಟ ಸವಾರರು ನಿನ್ನೆ ರಾತ್ರಿ ತಮ್ಮ ಬಡಾವಣೆಯ ಫೋಟೋಗಳನ್ನು ಕಳಿಸಿದರು. ಅವರ ಕಂಪ್ಯೂಟರ್‌ನಲ್ಲಿ ಪ್ರತಿ ಜಾಲರಿಯ ಜಾಗ ಮ್ಯಾಪಿನ ಮೇಲೇ ಗುರುತಾಗಿದೆ. ಮಿನ್ಸ್ಕ್ ಸ್ಕ್ವೇರ್‌ನಲ್ಲಿ ನಿಂತಿದ್ದ ಹುಡುಗಿ ತನ್ನ ಕಾಲೇಜಿನ ಸುತ್ತಮುತ್ತ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ. ನೀವೂ ಸೈಕಲ್ ಓಡಿಸುವವರಾದರೆ, ಅಥವಾ ನಿಮ್ಮ ಮನೆಗೆ ಪೇಪರ್, ಹಾಲು ತರುವವರು ಸೈಕಲ್ಲಿನಲ್ಲಿ ಬರುವವರಾದರೆ, ಈ ಭಾನುವಾರ ನಿಮ್ಮ ಬೀದಿಯ ಎಡ ಅಂಚನ್ನು ಒಮ್ಮೆ ನೋಡಿ. ಪಟ್ಟಿಗಳು ಉದ್ದಕ್ಕಿದ್ದರೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಇಡಿ, ನೋಡಿದವರಿಗೆ ಅಳತೆ ಗೊತ್ತಾಗುತ್ತೆ.